ಕರಾವಳಿಯ ಹೊಳೆಗಳಿಗೆ ಹೆಸರಿನ ಬೋರ್ಡು ಹಾಕಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಾವು ಐವರು ಗೆಳೆಯರು ಕೇರಳ ಗಡಿಯ ತಲಪಾಡಿಯಿಂದ ಗೋವಾ ಗಡಿಯ ಮಾಜಾಳಿವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರು ಓಡಿಸಿಕೊಂಡು ಹೋಗಿ ಬಂದೆವು. ಕಾಲೇಜು ಬಿಟ್ಟು 22 ವರ್ಷ ಆಗಿದೆ, ಐವರಿಗೂ ಒಟ್ಟಿಗೆ ಐದು ದಿನ ಬಿಡುವು ಸಿಕ್ಕಿದ್ದು ಇದೇ ಮೊದಲು. ಕಡಲು ನೋಡಿದೆವು, ನೀರುದೋಸೆ ತಿಂದೆವು, ಮೀನು ತಿಂದೆವು, ಹಳೇ ಜಗಳಗಳನ್ನೆಲ್ಲ ನೆನೆದು ನಕ್ಕೆವು. ಅದನ್ನೆಲ್ಲ ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. ಕೊನೆಯ ರಾತ್ರಿ ಕಾರವಾರದಲ್ಲಿ ಆದ ಒಂದು ಮಾತುಕತೆ ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಹೊರಡಬೇಕಿತ್ತು. ಹೋಟೆಲಿನಲ್ಲಿ ಊಟ ಮುಗಿಸಿ ಲೆಕ್ಕ ಚುಕ್ತಾ ಮಾಡುತ್ತಾ ಕೂತಿದ್ದೆವು. ಡೀಸೆಲ್ ಯಾರು ಹಾಕಿಸಿದ್ದು, ರೂಮಿನ ಬಾಡಿಗೆ ಯಾರು ಕೊಟ್ಟಿದ್ದು, ಯಾರು ಯಾರಿಗೆ ಎಷ್ಟು ಕೊಡಬೇಕು, ಹೀಗೆ. ಲೆಕ್ಕ ಬರೆಯುತ್ತಿದ್ದವನು ಚೀಟಿ ತಿರುಗಿಸಿ, ಸರಿ ಈಗ ದಾಟಿದ ಹೊಳೆಗಳ ಲೆಕ್ಕ ಬರೆಯೋಣ, ಒಬ್ಬೊಬ್ಬರೂ ಹೇಳಿ ಅಂದ. ಸುಮ್ನೆ ಹೇಳಿದ್ದು. ನೇತ್ರಾವತಿ ಅಂದೆವು, ಶರಾವತಿ ಅಂದೆವು, ಕಾಳಿ ಅಂದೆವು. ಆಮೇಲೆ ಗಂಗಾವಳಿ ಅಂದ ಒಬ್ಬ. ಅಷ್ಟೇ, ಮುಂದೆ ಯಾರಿಗೂ ಬರಲಿಲ್ಲ. ಐವರೂ ಓದಿದವರು, ಇದೇ ರಾಜ್ಯದಲ್ಲಿ ಹುಟ್ಟಿ ಬೆಳೆದವರು. ನಾಲ್ಕೇ ಹೆಸರು.

ಪಕ್ಕದ ಟೇಬಲ್ಲಿನಲ್ಲಿ ಊಟಕ್ಕೆ ಕೂತಿದ್ದ ಮೀನಿನ ಲಾರಿಯ ಡ್ರೈವರ್ ಒಬ್ಬರು ನಮ್ಮ ಒದ್ದಾಟ ನೋಡಿ, ದಕ್ಷಿಣದಿಂದ ಹೇಳ್ತೀನಿ ಬರ್ಕೊಳ್ಳಿ ಅಂದರು. ನೇತ್ರಾವತಿ, ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಉದ್ಯಾವರದಲ್ಲಿ ಪಾಪನಾಶಿನಿ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ. ಕುಂದಾಪುರ ಬಂತು ಅಂದರೆ ಐದು ಹೊಳೆ ಒಂದೇ ಅಳಿವೆಗೆ ಬಂದು ಸೇರುತ್ತವೆ, ಅದಕ್ಕೇ ಪಂಚಗಂಗಾವಳಿ. ಭಟ್ಕಳದ ಹತ್ತಿರ ವೆಂಕಟಾಪುರ ಹೊಳೆ, ಹೊನ್ನಾವರದಲ್ಲಿ ಶರಾವತಿ, ಮಿರ್ಜಾನಿನ ಹತ್ತಿರ ಅಘನಾಶಿನಿ, ಆಮೇಲೆ ಗಂಗಾವಳಿ, ಕೊನೆಗೆ ಇಲ್ಲಿ ಕಾಳಿ. ಒಂದೇ ಉಸಿರಿನಲ್ಲಿ ಹೇಳಿದರು. ನಮಗೆ ಹೆಂಗೆ ಗೊತ್ತು ಅಂದ್ರೆ ಸಾರ್, ರಾತ್ರಿ ಹೊತ್ತು ಎಲ್ಲಿದ್ದೀನಿ ಅಂತ ತಿಳಿಯೋದು ಸೇತುವೆಯಿಂದಲೇ, ಮನೆಗೆ ಫೋನ್ ಮಾಡಿದರೂ ಶರಾವತಿ ದಾಟಿದೆ ಅಂತಲೇ ಹೇಳೋದು, ಅಂದರು.

ಅವರು ಹೇಳುತ್ತಾ ಹೋದ ಹಾಗೆ ನಮಗೆ ಏನೇನು ಕೈತಪ್ಪಿ ಹೋಯಿತು ಅಂತ ಗೊತ್ತಾಯಿತು. ಮರವಂತೆಯಲ್ಲಿ ಒಂದು ಗಂಟೆ ನಿಂತಿದ್ದೆವು. ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಐವರೂ ಕಡಲಿನ ಕಡೆ ಮುಖ ಮಾಡಿ ಫೋಟೋ ತೆಗೆಸಿಕೊಂಡೆವು, ಹಿಂದೆ ಇದ್ದದ್ದು ಸೌಪರ್ಣಿಕಾ. ಹತ್ತು ವರ್ಷದ ಹಿಂದೆ ಕೊಲ್ಲೂರಿಗೆ ಹೋದಾಗ ನಾನು ಇದೇ ಸೌಪರ್ಣಿಕೆಯಲ್ಲಿ ಸ್ನಾನ ಮಾಡಿ ಕೈ ಮುಗಿದಿದ್ದೆ. ಅದೇ ಹೊಳೆ ಕಡಲಿನ ಇಷ್ಟು ಹತ್ತಿರ ಬಂದು, ಸೇರದೆ ಹೊರಳಿಕೊಂಡು ಗಂಗೊಳ್ಳಿಯ ಕಡೆ ಹೋಗುತ್ತದೆ. ನಾನು ಬೆನ್ನು ಹಾಕಿ ನಿಂತಿದ್ದೆ. ಹೊನ್ನಾವರದ ಸೇತುವೆ ಮೇಲೂ ಅಷ್ಟೇ, ಎಷ್ಟು ಅಗಲ ಇದೆ ಅಲ್ವಾ ಈ ಹೊಳೆ ಅಂತ ಅಂದುಕೊಂಡು ದಾಟಿಬಿಟ್ಟೆವು. ಪಕ್ಕದ ರೈಲ್ವೆ ಸೇತುವೆಯೇ ಎರಡು ಕಿಲೋಮೀಟರಿಗಿಂತ ಉದ್ದ. ಜೋಗದಲ್ಲಿ ಬೀಳುವುದನ್ನು ನೋಡೋಕೆ ನಾವು ಅಷ್ಟು ದೂರದಿಂದ ಹೋಗುತ್ತೇವಲ್ಲ, ಆ ನೀರು ಕಡಲು ಸೇರುವ ಜಾಗ ಅದು.

ಇನ್ನು ಗಂಗಾವಳಿ. ಈ ಹೆಸರು ನಮಗೆ ಗೊತ್ತಿದ್ದದ್ದು ಒಂದೇ ಕಾರಣಕ್ಕೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಿತ್ತು, ಜನ, ಲಾರಿ ಎಲ್ಲ ಹೊಳೆ ಪಾಲಾದವು, ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ವಾರಗಟ್ಟಲೆ ಟಿವಿಯಲ್ಲಿ ಗಂಗಾವಳಿ, ಗಂಗಾವಳಿ ಅಂತ ಕೇಳಿದ್ದೆವು. ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೇ ಸೇತುವೆ ಕುಸಿದಾಗ ಕಾಳಿಯ ಹೆಸರು ಎಲ್ಲರ ಬಾಯಿಗೆ ಬಂತು. ಹೊಳೆಯ ಹೆಸರು ಕಲಿಯೋಕೆ ಅಲ್ಲಿ ಜನ ಸಾಯಬೇಕಾ, ಸೇತುವೆ ಬೀಳಬೇಕಾ? ಈ ಪ್ರಶ್ನೆ ಆ ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ.

ಡ್ರೈವರ್ ಇನ್ನೊಂದು ಮಾತು ಹೇಳಿದರು. ಗಂಗಾವಳಿಗೆ ಮೇಲೆ ಘಟ್ಟದ ಕಡೆ ಬೇಡ್ತಿ ಅಂತಾರೆ. ನಮ್ಮಲ್ಲಿ ಒಬ್ಬ ಧಾರವಾಡದವನು. ಅವನು ತಟ್ಟನೆ ತಲೆ ಎತ್ತಿ, "ಬೇಡ್ತಿ ಅಂದ್ರ ನಮ್ಮ ಶಾಲ್ಮಲಾನ ಅಲ್ಲೇನಲೇ!" ಅಂದ. ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಶಾಲ್ಮಲಾ ಹುಟ್ಟುತ್ತದೆ, ಚಿಕ್ಕವನಿದ್ದಾಗ ಅಪ್ಪನ ಜೊತೆ ಅಲ್ಲಿಗೆ ಹೋಗುತ್ತಿದ್ದನಂತೆ. ಆ ಸಣ್ಣ ನೀರೇ ಮುಂದೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಕಡಲು ಸೇರುತ್ತದೆ. ತನ್ನ ಊರಿನ ಹೊಳೆಯನ್ನು ಅವನು ಅವತ್ತು ಮಧ್ಯಾಹ್ನವೇ ದಾಟಿ ಬಂದಿದ್ದ. ಕಾರಿನಲ್ಲಿ ನಿದ್ದೆ ಮಾಡುತ್ತಿದ್ದ.

ಮರುದಿನ ಅಂಕೋಲಾ ಹತ್ತಿರ ಹುಬ್ಬಳ್ಳಿ ರಸ್ತೆಗೆ ತಿರುಗಬೇಕಿತ್ತು. ತಿರುಗಲಿಲ್ಲ. ಅವನ ಹಟಕ್ಕೆ ಮತ್ತೆ ದಕ್ಷಿಣಕ್ಕೆ ಶಿರೂರಿನವರೆಗೆ ಹೋದೆವು. ಗುಡ್ಡದಿಂದ ದೂರ, ಜಾಗ ಇದ್ದ ಕಡೆ ಕಾರು ನಿಲ್ಲಿಸಿ ಹೊಳೆ ನೋಡಿದೆವು. ಅವನು ಏನೂ ಮಾತಾಡಲಿಲ್ಲ, ನಾವೂ ಮಾತಾಡಿಸಲಿಲ್ಲ. ಐದು ದಿನದಲ್ಲಿ ನಾನು ಮರೆಯದೇ ಇರುವುದು ಆ ಕಾಲು ಗಂಟೆ.

ನಮ್ಮ ಬೇಡಿಕೆ ತುಂಬಾ ಸಣ್ಣದು. ಹೆದ್ದಾರಿಯ ಪ್ರತಿ ಸೇತುವೆಯ ಎರಡೂ ತುದಿಯಲ್ಲಿ, ಓಡುವ ಕಾರಿನಿಂದಲೂ ಓದುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಹೊಳೆಯ ಹೆಸರು ಹಾಕಿಸಿ. ಕೆಲವು ಕಡೆ ನಮಗೆ ಬೋರ್ಡು ಕಂಡಿತು, ಅರ್ಧ ಗಿಡ ಮುಚ್ಚಿಕೊಂಡಿತ್ತು. ಹಲವು ಕಡೆ ಕಾಣಲೇ ಇಲ್ಲ. ಊರಿನ ಬೋರ್ಡು, ಟೋಲಿನ ಬೋರ್ಡು ಮಾತ್ರ ಎರಡು ಕಿಲೋಮೀಟರ್ ಮೊದಲೇ ಕಾಣುತ್ತದೆ. ಹೆಸರಿನ ಕೆಳಗೆ ಎರಡು ಸಾಲು, ಎಲ್ಲಿ ಹುಟ್ಟುತ್ತದೆ, ಎಲ್ಲಿ ಕಡಲು ಸೇರುತ್ತದೆ ಅಂತ. ಮೇಲೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಲಿ, ಧಾರವಾಡದ ಮಗುವೊಂದು ಗಂಗಾವಳಿ ದಾಟುವಾಗ ಇದು ನಮ್ಮೂರ ಶಾಲ್ಮಲಾ ಅಂತ ಓದಲಿ. ಸೇತುವೆಗೆ ಸ್ವಲ್ಪ ಮೊದಲು ನಾಲ್ಕು ಕಾರು ನಿಲ್ಲುವಷ್ಟು ಜಾಗ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು, ಈಗ ಜನ ಸೇತುವೆ ಮೇಲೇ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುತ್ತಾರೆ, ಹಿಂದಿನಿಂದ ಲಾರಿಗಳು ಬರುತ್ತಿರುತ್ತವೆ. ನಮಗೇ ನೋಡೋಕೆ ಭಯ ಆಯಿತು.

ನಿಮ್ಮ ಪತ್ರಿಕೆಗೂ ಒಂದು ಮನವಿ ಇದೆ. ಕರಾವಳಿಯ ಸುದ್ದಿ ಕರಾವಳಿಯ ಪುಟದಲ್ಲೇ ಉಳಿದುಬಿಡುತ್ತದೆ, ತುಮಕೂರಿನಲ್ಲಿ ಕೂತ ನಮಗೆ ದುರಂತ ಆದ ದಿನ ಮಾತ್ರ ಬರುತ್ತದೆ. ವಾರಕ್ಕೊಂದು ಹೊಳೆಯ ಬಗ್ಗೆ ಎಲ್ಲ ಆವೃತ್ತಿಗಳಲ್ಲೂ ಬರೆಸಿ. ಅಘನಾಶಿನಿಯಿಂದ ಶುರು ಮಾಡಬಹುದು. ದೊಡ್ಡ ಅಣೆಕಟ್ಟು ಇಲ್ಲದೆ ಕಡಲವರೆಗೂ ಹರಿಯುವ ಹೊಳೆ ಅದು. ಅದರ ಅಳಿವೆಯಲ್ಲಿ ಬಳಚು ಅನ್ನುವ ಚಿಪ್ಪುಮೀನು ಆರಿಸುವ ಹೆಂಗಸರು, ಗಜನಿ ಅನ್ನುವ ತಗ್ಗು ಗದ್ದೆಗಳ ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪು, ಬರೆಯೋಕೆ ಎಷ್ಟೊಂದು ಇದೆ. ಅಲ್ಲಿಯ ಜನರಿಂದಲೇ ಬರೆಸಿ.

ಡ್ರೈವರ್ ಹೇಳಿದ ಪಟ್ಟಿ ಇರುವ ಚೀಟಿ ನನ್ನ ಹತ್ತಿರ ಇದೆ, ಒಂದು ಕಡೆ ಡೀಸೆಲ್ ಲೆಕ್ಕ, ಇನ್ನೊಂದು ಕಡೆ ಹೊಳೆಗಳು. ಧಾರವಾಡದ ಗೆಳೆಯ ಭಾನುವಾರ ಮಕ್ಕಳನ್ನು ಕರೆದುಕೊಂಡು ಸೋಮೇಶ್ವರ ಗುಡಿಗೆ ಹೋಗಿದ್ದನಂತೆ. ಶಿರೂರಿನಲ್ಲಿ ತೆಗೆದ ಫೋಟೋ ಕಳಿಸು, ಮಕ್ಕಳಿಗೆ ತೋರಿಸಬೇಕು ಅಂತ ಅಲ್ಲಿಂದಲೇ ಫೋನ್ ಮಾಡಿದ್ದ.

ಇಂತಿ,
ನಿಮ್ಮ ಓದುಗ, ತುಮಕೂರು