ಓಬ್ರಾಕ್ ದಾರಿಯ ಅಜ್ಜಿಗೆ

ಫ್ರಾನ್ಸಿನ ಲ ಪ್ಯುಯಿಯಿಂದ ಸ್ಪೇನಿನ ಸಾಂತಿಯಾಗೊ ಕಡೆ ಹೋಗುವ ಯಾತ್ರೆಯ ದಾರಿ. ಆ ದಿನ ನಸ್ಬಿನಾಲ್‌ನಿಂದ ಸೇಂಟ್ ಶೆಲಿ ಊರಿನವರೆಗೆ ಸುಮಾರು 17 ಕಿಲೋಮೀಟರ್ ನಡೆಯಬೇಕಿತ್ತು. ಓಬ್ರಾಕ್ ಬಯಲಿನಲ್ಲಿ ನೆರಳೇ ಕಡಿಮೆ. ಹುಲ್ಲು, ಕಲ್ಲಿನ ಗೋಡೆ, ಕಂದು ಹಸುಗಳು ಅಷ್ಟೇ. ನೀರು ಖಾಲಿಯಾಯಿತು. ಓಬ್ರಾಕ್ ಹಳ್ಳಿ ದಾಟಿ ಇಳಿಯುವಾಗ ಶೂವಿನ ಅಟ್ಟೆಯೂ ಕಿತ್ತು ಬಂತು. ಕುಂಟುತ್ತಾ ನಡೆದೆ, ಅಳುವೇ ಬಂದಿತ್ತು.

ಒಂದು ಮನೆಯ ಬಾಗಿಲಲ್ಲಿ ನೀವು ನಿಂತಿದ್ದಿರಿ ಅಜ್ಜಿ. ನನಗೆ ಫ್ರೆಂಚ್ ಬಾರದು. ನೀವು ಏನೂ ಕೇಳಲಿಲ್ಲ. ಬಾಟಲಿ ತೊಳೆದು ತುಂಬಿದಿರಿ. ಬಕೆಟ್ಟಿನಲ್ಲಿ ತಣ್ಣೀರು ತಂದು ಕಾಲಿನ ಕಡೆ ತೋರಿಸಿದಿರಿ. ಕಾಲು ಮುಳುಗಿಸಿದಾಗ ಜೀವ ಬಂದ ಹಾಗಾಯಿತು! ಅಷ್ಟರಲ್ಲಿ ಹುಲ್ಲು ಕಟ್ಟುವ ದಾರದಿಂದ ಅಟ್ಟೆಯನ್ನು ಬಿಗಿದು, ಎರಡು ಸಲ ಎಳೆದು ನೋಡಿದಿರಿ. ಹಣ ಕೊಡಲು ಹೋದರೆ ನನ್ನ ಕೈಯನ್ನೇ ಮಡಚಿದಿರಿ.

ಸೇಂಟ್ ಶೆಲಿ ತಲುಪುವವರೆಗೂ ಆ ಗಂಟು ಬಿಚ್ಚಲಿಲ್ಲ, ಅಜ್ಜಿ.