ತುರ್ತು ಸಹಾಯಕ್ಕೆ 911 ಒತ್ತೋಕೆ ಯಾರೂ ಹೆದರಬಾರದು: ಸಿಟಿ ಕೌನ್ಸಿಲ್‌ಗೆ ಮನವಿ

ಗೆ,
ನಮ್ಮ ಸಿಟಿಯ ಮೇಯರ್ ಮತ್ತು ಕೌನ್ಸಿಲ್ ಸದಸ್ಯರಿಗೆ,
ಸಾಂಟಾ ಕ್ಲಾರಾ ಕೌಂಟಿ, ಕ್ಯಾಲಿಫೋರ್ನಿಯಾ

ವಿಷಯ: ನಮ್ಮೂರ ಪೊಲೀಸರು ವೀಸಾ ಕೇಳಲ್ಲ ಅನ್ನೋದನ್ನ ಜನರಿಗೆ ಅವರವರ ಭಾಷೇಲಿ ತಿಳಿಸೋ ಬಗ್ಗೆ

ಮಾನ್ಯರೇ,

ನಾವು ಇಲ್ಲಿರೋ ಕನ್ನಡದ ಮನೆಗಳವರು. ಇಂಗ್ಲಿಷ್ ಪ್ರತಿ ಜೊತೆಗಿದೆ, ಕನ್ನಡದಲ್ಲೂ ಬರೆದಿದ್ದು ಮೊಮ್ಮಕ್ಕಳನ್ನ ನೋಡ್ಕೊಳೋಕೆ ವಿಸಿಟರ್ ವೀಸಾದಲ್ಲಿ ಬಂದಿರೋ ಅಜ್ಜಿ ತಾತಂದಿರೂ ಓದ್ಲಿ ಅಂತ.

ಹೋದ ಚಳಿಗಾಲದಲ್ಲಿ ಒಂದಿನ ರಾತ್ರಿ ಪಕ್ಕದ ಮನೆ ಹುಡುಗಿ ಬಂದು ಬಾಗಿಲು ತಟ್ಟಿದ್ಲು, ಬರಿಗಾಲು, ಬಳೆ ಒಡೆದು ಕೈಯೆಲ್ಲ ರಕ್ತ, ಫೋನಲ್ಲಿ 911 ಒತ್ತಿದ್ಲು ಆದ್ರೆ ಕಾಲ್ ಮಾಡಿರ್ಲಿಲ್ಲ. "ಅಕ್ಕಾ, ಪೊಲೀಸ್ರು ವೀಸಾ ಕೇಳ್ತಾರಾ?" ಅಂದ್ಲು. ಅವಳದು ಗಂಡನ ಕೆಲಸ ನಂಬ್ಕೊಂಡಿರೋ ಎಚ್-4 ವೀಸಾ, ಆ ಕೆಲಸ ಹೋಗಿ 60 ದಿನ ದಾಟಿತ್ತು, ಅಂದ್ರೆ ಇಲ್ಲಿರೋಕೆ ಇದ್ದ ಗಡುವು ಮುಗಿದಿತ್ತು. ನಮಗೂ ಆಗ ಉತ್ತರ ಗೊತ್ತಿರ್ಲಿಲ್ಲ, ಅದು ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಅವಳು ಕೊನೆಗೂ ಕಾಲ್ ಮಾಡ್ಲಿಲ್ಲ.

ಆದ್ರೆ ಉತ್ತರ ಕಾನೂನಲ್ಲೇ ಇತ್ತು! 2018 ಜನವರಿ 1ರಿಂದ ಜಾರಿಯಲ್ಲಿರೋ ಎಸ್‌ಬಿ 54 ಅನ್ನೋ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಊರಿನ ಪೊಲೀಸ್ರು ಇಮಿಗ್ರೇಷನ್ ಸ್ಟೇಟಸ್ ವಿಚಾರಿಸೋ ಹಾಗಿಲ್ಲ, 48 ಗಂಟೆ ಹಿಡಿದಿಟ್ಕೊಳ್ಳಿ ಅಂತ ಐಸ್‌ನವರು (ಫೆಡರಲ್ ಇಮಿಗ್ರೇಷನ್ ಇಲಾಖೆಯವರು) ಡಿಟೇನರ್ ಅನ್ನೋ ಕೋರಿಕೆ ಕಳ್ಸಿದ್ರೂ ಬರೀ ಅದಕ್ಕೋಸ್ಕರ ಯಾರನ್ನೂ ಜೈಲಲ್ಲಿ ಉಳಿಸ್ಕೊಳ್ಳೋ ಹಾಗಿಲ್ಲ. ಫೆಡರಲ್ ಸರ್ಕಾರ ಕೇಸ್ ಹಾಕಿದ್ರೂ 2019ರಲ್ಲಿ ನೈಂತ್ ಸರ್ಕ್ಯೂಟ್ ಅನ್ನೋ ಫೆಡರಲ್ ಮೇಲ್ಮನವಿ ಕೋರ್ಟ್ ಇದನ್ನ ಎತ್ತಿ ಹಿಡೀತು, 2020ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲೇ ಇಲ್ಲ. ದೊಡ್ಡ ಅಪರಾಧಗಳಲ್ಲಿ ಶಿಕ್ಷೆ ಆದವರ ಬಿಡುಗಡೆ ದಿನ ಐಸ್‌ಗೆ ತಿಳಿಸೋಕೆ ಇದೇ ಕಾನೂನಲ್ಲಿ ಅವಕಾಶ ಇದೆ, ಅದಕ್ಕೆ ನಮ್ಮ ತಕರಾರಿಲ್ಲ. ಏಟು ತಿಂದವರಿಗೆ ಯು ವೀಸಾ ಅಂತ ಒಂದು ದಾರಿನೂ ಇದೆ, ಅದಕ್ಕೆ ಪೊಲೀಸರಂಥ ಅಧಿಕಾರಿಗಳ ಸಹಿ ಬೇಕಾಗುತ್ತೆ, ಕಾಲೇ ಮಾಡದಿದ್ರೆ ಆ ಸಹಿ ಎಲ್ಲಿಂದ ಬರ್ಬೇಕು?

ಹಾಗಾಗಿ ಪೊಲೀಸ್ ಸ್ಟೇಷನ್, ಲೈಬ್ರರಿ, ಸ್ಕೂಲುಗಳಲ್ಲಿ "ಇಲ್ಲಿ ವೀಸಾ ಕೇಳಲ್ಲ, ಸಹಾಯ ಕೇಳಿ" ಅಂತ ಕನ್ನಡ, ತೆಲುಗು, ಸ್ಪ್ಯಾನಿಷ್, ವಿಯೆಟ್ನಾಮಿ ಭಾಷೇಲಿ ಬೋರ್ಡ್ ಹಾಕ್ಸಿ. ಇನ್ನೊಂದು, ರಸ್ತೇಲಿರೋ ನಂಬರ್ ಪ್ಲೇಟ್ ಕ್ಯಾಮೆರಾಗಳ ಡೇಟಾ ಫೆಡರಲ್ ಏಜೆನ್ಸಿಗಳಿಗೆ ಕೊಡಬಾರದು ಅಂತ 2015ರ ಎಸ್‌ಬಿ 34 ಕಾನೂನು ಹೇಳುತ್ತೆ, ಆ ಡೇಟಾನ ಯಾರ್ಯಾರು ಹುಡುಕಿ ನೋಡಿದ್ರು ಅನ್ನೋ ಪಟ್ಟಿ ಪ್ರತಿ ತಿಂಗಳು ಕೌನ್ಸಿಲ್ ಮುಂದೆ ಬರ್ಲಿ.

ಬೋರ್ಡಿನ ಕನ್ನಡ ನಾವೇ ಬರೆದುಕೊಡ್ತೀವಿ, ದುಡ್ಡು ಬೇಡ.

ಇಂತಿ,
ಸಹಿ ಹಾಕಿರುವ ನಿವಾಸಿಗಳು