ಕೂಸು ಹುಟ್ಟುವ ಮುಂಚೆ ಕುಲಾವಿ

ಅಬರ್ಡೀನ್, ಸ್ಕಾಟ್ಲೆಂಡ್
ಜೂನ್ 8

ಪ್ರೀತಿಯ ಅಮ್ಮ,

ನಿನಗೂ ಅಪ್ಪನಿಗೂ ನಮಸ್ಕಾರ. ತಂಗಿಗೆ ಒಂದು ಮುತ್ತು, ಅವಳ ಹೊಟ್ಟೆಗೆ ಇನ್ನೊಂದು. ಇಲ್ಲಿ ನಾವು ನಾಲ್ಕೂ ಜನ ಆರಾಮ. ಮನೆಯಲ್ಲಿ ತುಳು ಮಾತಾಡಿ ಬೆಳೆದರೂ ಪತ್ರ ಅಂದರೆ ನನಗೆ ಕನ್ನಡವೇ ಬರುವುದು. ಹಾಸ್ಟೆಲಿನಿಂದ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದ ಅಭ್ಯಾಸ ಇನ್ನೂ ಹೋಗಿಲ್ಲ.

ಫೋನು ಇರುವಾಗ ಪತ್ರ ಎಂತಕ್ಕೆ ಅಂತ ಅಪ್ಪ ಕೇಳಬಹುದು. ಭಾನುವಾರ ನೀನು ಎರಡು ಮಾತು ಹೇಳಿದೆ. ನಾನು ಬಾಯಿ ತೆಗೆಯುವಷ್ಟರಲ್ಲಿ ಮಗಳು ಹಾಲು ಚೆಲ್ಲಿದಳು, ಮಾತು ಅಲ್ಲಿಗೇ ನಿಂತಿತು. ಮೊದಲನೆಯ ಮಾತು: "ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬಂದು ಮತ್ತೆ ಕಡ್ಡಿ ಹಿಡಿದು ಕೂರ್ತೀಯಲ್ಲ, ಅಂಗಡಿಯಲ್ಲಿ ಸ್ವೆಟರ್ ಸಿಗುವುದಿಲ್ವಾ? ಆ ಹೊತ್ತಿಗೆ ಸ್ವಲ್ಪ ಮಲಗಬಾರದಾ ಮಾರಾಯ್ತಿ?" ಎರಡನೆಯದು ತಂಗಿಯ ಕೂಸಿಗೆ ನಾನು ಹೆಣೆಯುತ್ತಿರುವ ಕುಲಾವಿಯ ಬಗ್ಗೆ, ಅದನ್ನು ಗಾದೆಯಲ್ಲೇ ಹೇಳಿ ಮುಗಿಸಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತ.

ಇವತ್ತು ನನಗೆ ರಜೆ. ಮಕ್ಕಳು ಮಲಗಿದ್ದಾರೆ. ರಾತ್ರಿ ಹತ್ತಾಗುತ್ತಾ ಬಂತು, ಹೊರಗೆ ಇನ್ನೂ ನಮ್ಮ ಊರಿನ ಸಂಜೆ ಆರರ ಬೆಳಕು ಉಂಟು. ಎರಡೂ ಮಾತಿಗೆ ಈಗ ನಿಧಾನವಾಗಿ ಉತ್ತರ ಬರೆಯುತ್ತೇನೆ.

ಅಂಗಡಿಯಲ್ಲಿ ಸಿಗುತ್ತದೆ ಅಮ್ಮ. ಮಗನಿಗೊಂದು ಸ್ವೆಟರ್ ನಾನು ತರುವ ಉಣ್ಣೆಯ ಅರ್ಧ ಬೆಲೆಗೇ ಸಿಗುತ್ತದೆ. ದುಡ್ಡು ಉಳಿಸಲಿಕ್ಕೆ ನಾನು ಹೆಣೆಯುತ್ತಿಲ್ಲ. ನಿದ್ದೆಗೆಟ್ಟೂ ಹೆಣೆಯುತ್ತಿಲ್ಲ, ಅದರ ಬಗ್ಗೆ ನೀನು ಹೆದರಬೇಡ. ನನ್ನ ಹೆಣಿಗೆ ಆಗುವುದೆಲ್ಲ ಚೂರು ಚೂರು ಹೊತ್ತಿನಲ್ಲಿ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ಮಗ ಈಜು ಕಲಿಯುವಾಗ ದಂಡೆಯ ಬೆಂಚಿನ ಮೇಲೆ ಅರ್ಧ ಗಂಟೆ. ಕುಚ್ಚಲಕ್ಕಿ ಬೇಯುವಷ್ಟು ಹೊತ್ತು, ಅದು ಎಷ್ಟು ಅಂತ ನಿನಗೆ ಗೊತ್ತುಂಟಲ್ಲ. ಒಂದು ಬಟ್ಟೆಯ ಚೀಲದಲ್ಲಿ ಉಂಡೆ, ಕಡ್ಡಿ, ಸಣ್ಣ ಕತ್ತರಿ. ಯಾರಾದರೂ ಕರೆದರೆ ಸಾಲು ಮುಗಿಸಿ ಚೀಲಕ್ಕೆ ಹಾಕಿದರಾಯಿತು. ಮತ್ತೆ ತೆಗೆದಾಗ ಬಿಟ್ಟಲ್ಲೇ ಇರುತ್ತದೆ.

ಮೊನ್ನೆ ಮಗಳು ನೀರು ಬೇಕು ಅಂತ ಅಂಗಿ ಎಳೆದಳು. "ಈ ಸಾಲು ಮುಗಿಯಲಿ ಪುಟ್ಟಿ" ಅಂದೆ. ಅಂದ ಕೂಡಲೇ ನನಗೆ ಮೈ ಜುಮ್ ಅಂತು. ಸ್ವರ ನನ್ನದಲ್ಲ ಅಮ್ಮ, ನಿನ್ನದು. "ಈ ಚೆಂಡು ಮುಗಿಯಲಿ ಮಗಾ" ಅಂತ ನೀನು ಹೇಳುತ್ತಿದ್ದೆಯಲ್ಲ, ಅದೇ ಸ್ವರ.

ನೀನು ಜಗಲಿಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದೆ. ಪಕ್ಕದಲ್ಲಿ ಒದ್ದೆ ಬಟ್ಟೆಯ ಮೇಲೆ ಬೆಳಿಗ್ಗೆ ಕೊಯ್ದ ಮಲ್ಲಿಗೆ ಮೊಗ್ಗು, ನೀರಿನಲ್ಲಿ ನೆನೆದ ಬಾಳೆ ನಾರು. ಎಡಗೈಯಲ್ಲಿ ಮೊಗ್ಗು ಜೋಡಿಸುವುದು, ಬಲಗೈಯಲ್ಲಿ ನಾರು ಸುತ್ತಿ ಬಿಗಿಯುವುದು. ಕಣ್ಣು ಗೇಟಿನ ಕಡೆಗೆ, ಕಿವಿ ಒಲೆಯ ಮೇಲಿನ ಹಾಲಿನ ಕಡೆಗೆ. ಬೆರಳು ಮಾತ್ರ ತನ್ನಷ್ಟಕ್ಕೆ ಎಣಿಸುತ್ತಿತ್ತು. ಎಂಟು ನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಒಯ್ಯುವವರು ಬರುವುದರೊಳಗೆ ಎಲ್ಲ ಆಗಬೇಕು. ಆಮೇಲೆ ಶಂಕರಪುರದ ಹೂವಿನ ಕಟ್ಟೆಯಲ್ಲಿ ಇವತ್ತು ಅಟ್ಟೆಗೆ ದರ ಎಷ್ಟಾಯಿತು ಅಂತ ಕೇಳುವುದು.

ಆಗ ನಾನು ತಿಳಿದದ್ದು ಅಮ್ಮ ಕೂತಿದ್ದಾಳೆ ಅಂತ. ದನ, ಅಡುಗೆ, ತೋಟ ಎಲ್ಲ ಕೆಲಸ, ಹೂ ಕಟ್ಟುವುದು ವಿಶ್ರಾಂತಿ ಅಂತ. ನನ್ನ ನರ್ಸಿಂಗ್ ಕಾಲೇಜಿನ ಫೀಸು ಆ ಜಗಲಿಯಿಂದ ಬಂದದ್ದು ಅಂತ ತಿಳಿಯಲು ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು. ಒಮ್ಮೆ ನೀನು ಪಕ್ಕದ ಮನೆಯ ಬಾಯಮ್ಮನ ಹತ್ತಿರ ಹೇಳಿದ್ದು ನನಗೆ ನೆನಪುಂಟು: "ಹೂ ಕಟ್ಟುವಾಗ ಮಾತ್ರ ನನ್ನನ್ನು ಯಾರೂ ಎಬ್ಬಿಸುವುದಿಲ್ಲ." ಸ್ವೆಟರ್ ಯಾಕೆ ಅಂತ ನೀನು ಕೇಳಿದೆಯಲ್ಲ, ನನ್ನ ಉತ್ತರ ಅದೇ. ಬೇರೆ ಮಾತು ನನಗೆ ಹೊಳೆಯುವುದಿಲ್ಲ.

ನನಗೆ ಹೆಣಿಗೆ ಕಲಿಸಿದ್ದು ಇಲ್ಲಿ ಕೆಳಗಿನ ಮನೆಯ ಅಜ್ಜಿ. ನಾವು ಬಂದ ಮೊದಲ ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೆ ಕತ್ತಲೆ ಆಗುತ್ತಿತ್ತು. ನನಗೆ ಅಳು ಬರುತ್ತಿತ್ತು, ನಿನಗೆ ಹೇಳಿರಲಿಲ್ಲ. ಆ ಅಜ್ಜಿ ಒಂದು ದಿನ ಕರೆದು ಚಹಾ ಕೊಟ್ಟು, ಕೈಗೆ ಎರಡು ಕಡ್ಡಿ ಕೊಟ್ಟರು. ಹೆಣಿಗೆಯಲ್ಲಿ ಇರುವುದು ಎರಡೇ ಕುಣಿಕೆ ಅಮ್ಮ. ಮುಂದಿನಿಂದ ಕಡ್ಡಿ ತೂರಿಸಿ ದಾರ ಹಿಂದಿನಿಂದ ಎಳೆದರೆ ನಿಟ್. ಹಿಂದಿನಿಂದ ತೂರಿಸಿ ದಾರ ಮುಂದಿನಿಂದ ಎಳೆದರೆ ಪರ್ಲ್. ಜಗತ್ತಿನ ಸ್ವೆಟರೆಲ್ಲ ಈ ಎರಡರದ್ದೇ ಆಟ. ನನ್ನ ಬೆರಳು ಬೇಗ ಹಿಡಿಯಿತು. ಅಜ್ಜಿಗೆ ಆಶ್ಚರ್ಯ. ಬೆರಳಿನಲ್ಲಿ ನಾರು ಬಿಗಿ ಹಿಡಿದು ಬೆಳೆದ ಕೈ ಅದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಹಾಗಂತ ತಪ್ಪಾಗಲಿಲ್ಲ ಅಂತಲ್ಲ. ಮಗನ ಮೊದಲ ಸ್ವೆಟರ್ ಅವನ ಮೈ ಮೇಲೆ ಜೋಲಿಯ ಹಾಗೆ ತೂಗಿತು. ಮೊದಲು ಅಂಗೈಯಗಲದ ಒಂದು ತುಂಡು ಹೆಣೆದು ಅಳೆದು ನೋಡಬೇಕು ಅಂತ ಅಜ್ಜಿ ಹೇಳಿದ್ದರು. ನನಗೆ ಅವಸರ. ನಾನು ತಂದದ್ದು ಡಬಲ್ ನಿಟಿಂಗ್ ಅನ್ನುವ ಮಧ್ಯಮ ದಪ್ಪದ ಉಣ್ಣೆ, 4 ಮಿಲಿಮೀಟರ್ ಕಡ್ಡಿ. ಅದರಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಬರಬೇಕು. ನನ್ನ ಕೈ ಸಡಿಲ, 20 ಬಂದಿತ್ತು. ಎರಡು ಕುಣಿಕೆ ಏನು ಮಹಾ ಅನ್ನಿಸಬಹುದು. ಎದೆಯ ಸುತ್ತು 60 ಸೆಂಟಿಮೀಟರಿಗೆ ಅಂತ ಹಾಕಿದ 132 ಕುಣಿಕೆ ಕೊನೆಗೆ 66 ಸೆಂಟಿಮೀಟರ್ ಆಯಿತು. ಮೂರು ವಾರದ ಕೆಲಸ ಬಿಚ್ಚಿದೆ. ಬಿಚ್ಚಿದ ಉಣ್ಣೆ ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತಣ್ಣೀರಿನಲ್ಲಿ ನೆನೆಸಿ, ಭಾರ ಕಟ್ಟಿ ಒಣಗಿಸಿದರೆ ನೇರವಾಗುತ್ತದೆ. ಅದೇ ಉಣ್ಣೆಯಲ್ಲಿ ಎರಡನೇ ಸಲ ಹೆಣೆದದ್ದನ್ನು ಅವನು ಎರಡು ಚಳಿಗಾಲ ಹಾಕಿದ.

ಮಗಳ ಕೆಂಪು ಟೊಪ್ಪಿಯನ್ನು ಇವರು ಪಾಪ ಸಹಾಯ ಮಾಡಲು ಹೋಗಿ ಬಿಸಿನೀರಿನ ಮೆಷಿನ್ನಿಗೆ ಹಾಕಿದರು. ಹೊರಗೆ ಬಂದದ್ದು ತೆಂಗಿನ ಗೆರಟೆಯಷ್ಟು, ಗಟ್ಟಿಯೂ ಹಾಗೆಯೇ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯ ಹಾಗೆ ಕಣ್ಣಿಗೆ ಕಾಣದ ಸಣ್ಣ ಚಿಪ್ಪು ಇರುತ್ತವಂತೆ. ಬಿಸಿನೀರು, ಸೋಪು, ತಿರುಗಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ಆ ಟೊಪ್ಪಿ ಈಗ ಅವಳ ಗೊಂಬೆಯ ತಲೆಯಲ್ಲಿ ಉಂಟು.

ಕೆಲವು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಆನ್‌ಸ್ಟ್ರದರ್ ಅನ್ನುವ ಸಣ್ಣ ಬಂದರಿಗೆ ಹೋಗಿದ್ದೆವು. ಅಲ್ಲಿ ಮೀನುಗಾರಿಕೆಯ ಮ್ಯೂಸಿಯಂ ಉಂಟು. ಅಪ್ಪ ನೋಡಿದ್ದರೆ ಇಡೀ ದಿನ ಹೊರಗೆ ಬರುತ್ತಿರಲಿಲ್ಲ. ಹಿಂದೆ ಇಲ್ಲಿಯ ಹೆಂಗಸರು ಹೆರ್ರಿಂಗ್ ಮೀನಿನ ದೋಣಿಗಳ ಹಿಂದೆಯೇ ಬಂದರಿನಿಂದ ಬಂದರಿಗೆ ಕೆಲಸಕ್ಕೆ ಹೋಗುತ್ತಿದ್ದರಂತೆ. ಉತ್ತರದ ಶೆಟ್ಲ್ಯಾಂಡ್ ದ್ವೀಪದಿಂದ ಹಿಡಿದು ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ವರೆಗೆ. ಮೂವರದ್ದು ಒಂದು ಗುಂಪು. ಇಬ್ಬರು ಮೀನು ಸೀಳಿ ಕರುಳು ತೆಗೆಯುವುದು, ಒಬ್ಬಳು ಉಪ್ಪು ಹಾಕಿ ಪೀಪಾಯಿಯಲ್ಲಿ ಜೋಡಿಸುವುದು. ಚೂರಿ ತಾಗಬಾರದು, ಉಪ್ಪು ಉರಿಯಬಾರದು ಅಂತ ಬೆರಳು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ದೋಣಿ ಬರುವವರೆಗೆ ಆ ಕೈ ಸುಮ್ಮನಿರುತ್ತಿರಲಿಲ್ಲ, ಸ್ವೆಟರ್ ಹೆಣೆಯುತ್ತಿತ್ತು.

ಅವರ ಫೋಟೋದ ಮುಂದೆ ನಾನು ತುಂಬಾ ಹೊತ್ತು ನಿಂತೆ. ಮಲ್ಪೆಯಲ್ಲಿ ಬುಟ್ಟಿ ಇಟ್ಟುಕೊಂಡು ದೋಣಿಗೆ ಕಾಯುವ ಹೆಂಗಸರ ಮುಖವೇ ಅದು. ಶೆಟ್ಲ್ಯಾಂಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಬೆನ್ನಿನ ಬುಟ್ಟಿಯಲ್ಲಿ ಒಲೆಗೆ ಹಾಕುವ ಪೀಟ್ ಮಣ್ಣಿನ ಹೆಂಟೆ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಸೊಂಟಕ್ಕೆ ತೂತು ತೂತಿನ ಚರ್ಮದ ಪಟ್ಟಿ ಕಟ್ಟಿ, ಒಂದು ಕಡ್ಡಿಯ ತುದಿಯನ್ನು ಅದಕ್ಕೆ ಚುಚ್ಚಿ ನಿಲ್ಲಿಸಿದರೆ ಒಂದು ಕೈ ಹಗುರ. ಹೊರೆ ಹೊತ್ತು ನಡೆಯುವವಳಿಗೂ ಕೈಗೆ ಕೆಲಸ! ನನಗೆ ಅದನ್ನು ನೋಡಿ ಹೆಮ್ಮೆಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಅಲ್ಲಿಂದ ಒಂದು ಉಪಯೋಗದ ವಿಷಯ ಕಲಿತು ಬಂದೆ. ಮೀನುಗಾರರ ಸ್ವೆಟರಿನ ತೋಳನ್ನು ಭುಜದಿಂದ ಕೆಳಗೆ ಮುಂಗೈಯ ಕಡೆಗೆ ಹೆಣೆಯುತ್ತಾರೆ. ಮೊದಲು ಸವೆಯುವುದು ಮುಂಗೈ. ಅಷ್ಟನ್ನೇ ಬಿಚ್ಚಿ ಹೊಸದಾಗಿ ಹೆಣೆದರಾಯಿತು, ಸ್ವೆಟರ್ ಉಳಿಯಿತು. ನಾನು ಈಗ ಮಗನ ತೋಳನ್ನು ಹಾಗೆಯೇ ಮಾಡುವುದು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಂಚು ಬಿಚ್ಚಿ ಮೂರು ಸೆಂಟಿಮೀಟರ್ ಸೇರಿಸುತ್ತೇನೆ. ತೋಳಿನಲ್ಲಿ ಬಣ್ಣ ಸ್ವಲ್ಪ ಬೇರೆ ಕಾಣುವ ಪಟ್ಟಿಗಳು ಎರಡಾಗಿವೆ. ಇವನು ಒಂದು ವರ್ಷದಲ್ಲಿ ಎಷ್ಟು ಬೆಳೆದ ಅಂತ ಅದರಲ್ಲೇ ಗೊತ್ತಾಗುತ್ತದೆ.

ಈಗ ಮಲ್ಪೆಯಲ್ಲಿ ದೋಣಿಗಳೆಲ್ಲ ದಡಕ್ಕೆ ಬಂದಿರಬೇಕು ಅಲ್ವಾ? ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಶೆಡ್ಡಿನಲ್ಲಿ ಬಲೆ ಹೆಣೆಯುವ ಕೆಲಸ. ಬಲೆಗೂ ಹೆಣೆಯುವುದು ಅಂತೇವೆ, ಜಡೆಗೂ, ಚಾಪೆಗೂ, ಸ್ವೆಟರಿಗೂ. ಬಸ್ಸಿನಲ್ಲಿ ಕೂತಾಗ ಹೀಗೆ ಏನೇನೋ ಹೊಳೆಯುತ್ತದೆ.

ಇನ್ನು ತಂಗಿಯ ಕೂಸಿನ ವಿಷಯ. ಉಣ್ಣೆ ಅಲ್ಲ ಅಮ್ಮ, ಹತ್ತಿ ನೂಲು. ನಿನಗೆ ಕಳಿಸಿದ ಉಣ್ಣೆ ಶಾಲನ್ನು ನೀನು ನುಸಿಗುಳಿಗೆ ಹಾಕಿ ಕಪಾಟಿನಲ್ಲಿ ಜೋಪಾನವಾಗಿಟ್ಟೆ, ಮಳೆಗಾಲ ಮುಗಿಯುವಾಗ ಬೂಷ್ಟು ಹಿಡಿದಿತ್ತು. ನಿನ್ನ ತಪ್ಪಲ್ಲ ಅದು. ನಮ್ಮ ಕರಾವಳಿಗೆ ಉಣ್ಣೆ ಕಳಿಸಿದ್ದು ನನ್ನ ತಪ್ಪು. ಹತ್ತಿಯಾದರೆ ಬಿಸಿನೀರಿನಲ್ಲಿ ಒಗೆಯಬಹುದು, ಮೈಗೆ ಚುಚ್ಚುವುದಿಲ್ಲ, ಸೆಕೆಯೂ ಆಗುವುದಿಲ್ಲ.

ಒಂದು ಕುಲಾವಿ, ಒಂದು ಜೊತೆ ಕಾಲುಚೀಲ, ಅಷ್ಟೇ. ಹುಟ್ಟಿದ ಕೂಸಿನ ತಲೆಯ ಸುತ್ತು ಸುಮಾರು 35 ಸೆಂಟಿಮೀಟರ್ ಇರುತ್ತದೆ. ಕುಲಾವಿ ಸ್ವಲ್ಪ ಹಿಗ್ಗುತ್ತದೆ, ಅದಕ್ಕೆ 72 ಕುಣಿಕೆ ಹಾಕಿದೆ, 33 ಸೆಂಟಿಮೀಟರ್ ಆಗುತ್ತದೆ. ಬಣ್ಣ ನಮ್ಮ ಮೊಗ್ಗಿನದ್ದು. ಪೂರ್ತಿ ಬಿಳಿ ಅಲ್ಲ, ತೊಟ್ಟಿನ ಹತ್ತಿರ ಒಂದು ಹಸಿರು ನೆರಳು ಇರುತ್ತದಲ್ಲ, ಅದು. ಈ ನೂಲಿಗೆ ನಾಲ್ಕು ಅಂಗಡಿ ಸುತ್ತಿದೆ. ಎರಡು ಬಣ್ಣದ ಚಿತ್ತಾರ ಹಾಕಲು ಆಸೆ ಇತ್ತು, ಶೆಟ್ಲ್ಯಾಂಡಿನವರ ಹಾಗೆ. ಆದರೆ ಅದರಲ್ಲಿ ಬಳಸದ ಬಣ್ಣದ ದಾರ ಒಳಗಡೆ ಉದ್ದಕ್ಕೆ ಹಾದು ಹೋಗುತ್ತದೆ. ಕಾಲುಚೀಲದಲ್ಲಿ ಹಾಗಿದ್ದರೆ ಕೂಸಿನ ಬೆರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಒಂದೇ ಬಣ್ಣ. ಗುಂಡಿ ಇಲ್ಲ, ರಿಬ್ಬನ್ ಇಲ್ಲ, ಉಲ್ಲನ್ ಚೆಂಡೂ ಇಲ್ಲ.

ತಂಗಿಗೆ ಒಂದು ಮಾತು ಹೇಳು, ಇದು ಅಕ್ಕನಾಗಿ ಅಲ್ಲ, ನರ್ಸ್ ಆಗಿ. ಹುಟ್ಟಿದ ಕೂಡಲೇ ಮತ್ತು ಆಸ್ಪತ್ರೆಯಿಂದ ಮನೆಗೆ ಬರುವಾಗ ಕುಲಾವಿ ಬೇಕು, ಕೂಸಿನ ತಲೆಯಿಂದ ಶಾಖ ಬೇಗ ಹೋಗುತ್ತದೆ. ಸ್ನಾನವಾದ ಮೇಲೆ, ಆಟಿ ತಿಂಗಳ ಗಾಳಿಮಳೆಗೆ ಸ್ವಲ್ಪ ಹೊತ್ತು ಹಾಕಲಿ. ಮನೆಯೊಳಗೆ ಮಲಗಿಸುವಾಗ ಮಾತ್ರ ತೆಗೆದಿಡಲಿ. ಮೈ ಜಾಸ್ತಿ ಬಿಸಿಯಾದರೆ ತಲೆಯಿಂದಲೇ ಆರಬೇಕು, ಕುಲಾವಿ ಜಾರಿದರೆ ಮೂಗಿನ ಮೇಲೆ ಬರುತ್ತದೆ. ಹಿರಿಯರು ಯಾರಾದರೂ ಬೈದರೆ ನನ್ನ ಹೆಸರು ಹೇಳಲಿ.

ಎರಡನೆಯ ಮಾತಿಗೆ ಉತ್ತರ ಇನ್ನೂ ಕೊಡಲಿಲ್ಲ. ನೀನು ಗಾದೆ ಹೇಳುವಾಗ ನಿನ್ನ ಸ್ವರ ಸ್ವಲ್ಪ ನಡುಗಿತು. ಯಾಕೆ ಅಂತ ನನಗೆ ಗೊತ್ತು. ನನಗೂ ತಂಗಿಗೂ ನಡುವೆ ಒಂದು ಕೂಸು ಇತ್ತು. ಅದಕ್ಕೆ ಹೊಲಿಸಿಟ್ಟಿದ್ದ ಅಂಗಿ ಅಟ್ಟದ ಪೆಟ್ಟಿಗೆಯಲ್ಲಿ ಉಂಟು ಅಂತ ಊರಿನ ನಮ್ಮ ಅಜ್ಜಿ ನನಗೆ ಹೇಳಿದ್ದರು. ಅದನ್ನು ನಾನು ನಿನ್ನ ಹತ್ತಿರ ಯಾವತ್ತೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ.

ಕುಲಾವಿಯ ನೆತ್ತಿಯನ್ನು ಎಂಟು ಪಾಲು ಮಾಡಿ ಕುಣಿಕೆ ಕಡಿಮೆ ಮಾಡುತ್ತಾ ಬರುವುದು. ಕೊನೆಗೆ ಎಂಟೇ ಕುಣಿಕೆ ಉಳಿಯುತ್ತದೆ. ದಾರ ಕತ್ತರಿಸಿ, ಆ ಎಂಟರೊಳಗೆ ತೂರಿಸಿ, ಎಳೆದರೆ ನೆತ್ತಿ ಮುಚ್ಚಿಕೊಳ್ಳುತ್ತದೆ. ನಾನು ಎಳೆದಿಲ್ಲ ಅಮ್ಮ. ಎಂಟನ್ನೂ ಬೇರೆ ಬಣ್ಣದ ನೂಲಿಗೆ ಪೋಣಿಸಿ ಹಾಗೇ ಬಿಟ್ಟಿದ್ದೇನೆ. ಈಗ ಅದು ಕುಲಾವಿ ಅಲ್ಲ, ಎರಡೂ ಕಡೆ ತೆರೆದ ಒಂದು ಹತ್ತಿಯ ಕೊಳವೆ ಅಷ್ಟೆ. ಕಾಲುಚೀಲದಲ್ಲೂ ಒಂದನ್ನು ಮುಗಿಸಿಲ್ಲ.

ಕೂಸು ಬಂದ ದಿನ ಎಷ್ಟು ಹೊತ್ತಾದರೂ ಫೋನ್ ಮಾಡಿ. ಡ್ಯೂಟಿಯಲ್ಲಿದ್ದರೆ ಇವರಿಗೆ ಮಾಡಿ. ಮತ್ತೆ ನೀನು ಒಂದು ಬಾಳೆ ನಾರು ತಗೊಂಡು ಕೂಸಿನ ಹಣೆಯ ಸುತ್ತ ಮೆಲ್ಲ ಅಳತೆ ಹಿಡಿ, ಸ್ಕೇಲಿನ ಮೇಲಿಟ್ಟು ಎಷ್ಟು ಅಂತ ಹೇಳು. ಸಣ್ಣದಾದರೆ ಬಿಚ್ಚಿ ಸರಿ ಮಾಡುತ್ತೇನೆ. ಸರಿ ಇದ್ದರೆ ಅವತ್ತೇ ದಾರ ಎಳೆದು ಗಂಟು ಹಾಕಿ, ಮಾರನೇ ದಿನ ಪೋಸ್ಟಿಗೆ ಹಾಕುತ್ತೇನೆ.

ಅಪ್ಪನ ಮೊಣಕಾಲಿಗೆ ಎಣ್ಣೆ ಹಚ್ಚುವುದು ತಪ್ಪಿಸಬೇಡ. ಮಳೆಗೆ ಮಲ್ಲಿಗೆ ಕಡಿಮೆಯಾಗಿರಬೇಕು, ನೀನು ಜಗಲಿಯಲ್ಲಿ ಒದ್ದೆ ನೆಲದ ಮೇಲೆ ಕೂರಬೇಡ, ಮಣೆ ಹಾಕಿಕೋ.

ನಿನ್ನ ಪ್ರೀತಿಯ,
ದೊಡ್ಡ ಮಗಳು